‘ದುಡ್ಡು ವಾಪಸ್ ಹಾಕಿ, ವಸ್ತು ನಾಳೆ ಕಳಿಸ್ತೀನಿ’ ಅಂದ್ರೆ ಏನ್ ಮಾಡ್ಬೇಕು?

ವಿಡಿಯೋ ನೋಡೋಕೆ ಟೈಮ್ ಇಲ್ಲದವರು, ಕ್ಯಾಬಲ್ಲಿ ಕೂತು ಓದೋವರು ಇದ್ದೀರಲ್ಲ, ನಿಮಗೋಸ್ಕರ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ.

ಊರಿಂದೂರಿಗೆ ಹೋಗೋ ನಮ್ಮಂಥವರಿಗೆ ಹಳೇ ಸಾಮಾನು ಮಾರೋದು ಮಾಮೂಲಿ ಕೆಲಸ. ಪುಣೆಯಿಂದ ಹೈದರಾಬಾದ್‌ಗೆ ಪ್ರಾಜೆಕ್ಟ್ ಬದಲಾಯ್ತು, ಚೆನ್ನೈಯಿಂದ ಆನ್‌ಸೈಟ್ ಸಿಕ್ತು, ಮನೆ ಖಾಲಿ ಮಾಡ್ಬೇಕು. ಮಂಚ, ಫ್ರಿಜ್ಜು, ವಾಷಿಂಗ್ ಮಷೀನು ಸೊಸೈಟಿ ವಾಟ್ಸಾಪ್ ಗ್ರೂಪಲ್ಲೇ ಹೋಗಿಬಿಡುತ್ತೆ. ಆದ್ರೆ ಕ್ಯಾಮೆರಾ, ಲೆನ್ಸು, ಐಫೋನು, ಲ್ಯಾಪ್‌ಟಾಪು, ಒಳ್ಳೇ ವಾಚು, ಇಂಥದ್ದಕ್ಕೆ ಸರಿಯಾದ ಬೆಲೆ ಬೇಕು ಅಂದ್ರೆ ಆನ್‌ಲೈನಲ್ಲಿ ಹಾಕ್ತೀವಿ. ಗಿರಾಕಿ ಬೇರೆ ಊರಿನವರು, ವಸ್ತು ಕೊರಿಯರ್‌ನಲ್ಲಿ ಹೋಗುತ್ತೆ. ತೊಂದ್ರೆ ಶುರುವಾಗೋದೇ ಇಲ್ಲಿ.

ಎರಡು ವರ್ಷದ ಹಿಂದೆ ನನಗೆ ಆಗಿದ್ದನ್ನ ಹೇಳ್ತೀನಿ. ಆಗ ಪುಣೆಯಲ್ಲಿದ್ದೆ. ನನ್ನ ಹತ್ರ ಒಂದು 70-200 ಲೆನ್ಸ್ ಇತ್ತು, ಜೋಪಾನವಾಗಿ ಇಟ್ಕೊಂಡಿದ್ದು. ದೆಹಲಿಯವರೊಬ್ಬರು 58,000 ರೂಪಾಯಿಗೆ ತಗೊಂಡ್ರು. ದುಡ್ಡು ಬಂತು, ಲೆನ್ಸ್ ಹೋಯ್ತು, ತಲುಪಿತು ಅಂತ ಹೆಬ್ಬೆಟ್ಟಿನ ಗುರುತೂ ಬಂತು. ನಾಲ್ಕನೇ ದಿನ ರಾತ್ರಿ ಹತ್ತೂವರೆಗೆ ಮೆಸೇಜು: ‘ಲೆನ್ಸ್ ಒಳಗೆ ಫಂಗಸ್ ಇದೆ. ಈಗ್ಲೇ ದುಡ್ಡು ವಾಪಸ್ ಹಾಕಿ, ನಾಳೆ ಲೆನ್ಸ್ ಕಳಿಸ್ತೀನಿ. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ.’ ಜೊತೆಗೆ ಒಂದು ಫೋಟೋ. ಅದರಲ್ಲಿ ಜೇಡರ ಬಲೆ ಥರ ಬಿಳಿ ಎಳೆಗಳು, ಫಂಗಸ್ಸೇ, ಅನುಮಾನವೇ ಇಲ್ಲ.

ಆ ಕ್ಷಣದಲ್ಲಿ ಎರಡು ಯೋಚನೆ ಬರುತ್ತೆ. ಒಂದು, ‘ಇವನು ಕಳ್ಳ’. ಇನ್ನೊಂದು, ‘ನಾನೇ ಸರಿಯಾಗಿ ನೋಡಲಿಲ್ವೇನೋ, ಸುಮ್ಮನೆ ಯಾಕೆ ತಲೆನೋವು, ಕೊಟ್ಟುಬಿಡೋಣ’. ಎರಡೂ ತಪ್ಪು. ಮೊದಲನೆಯದರಲ್ಲಿ ಪ್ರಾಮಾಣಿಕ ಮನುಷ್ಯನನ್ನ ಕಳ್ಳ ಅಂದುಬಿಡಬಹುದು. ಎರಡನೆಯದರಲ್ಲಿ ದುಡ್ಡೂ ಹೋಗಿ ವಸ್ತುವೂ ಹೋಗಬಹುದು. ಮಧ್ಯದ ದಾರಿ ಒಂದಿದೆ, ಇವತ್ತಿನ ಮಾತು ಅಷ್ಟೇ: ವಸ್ತು ನಿಮ್ಮದೇ ಅಂತ ಖಾತ್ರಿ ಆಗೋವರೆಗೆ ಒಂದು ರೂಪಾಯಿ ಇಲ್ಲ, ಖಾತ್ರಿಯಾಗಿ ತಪ್ಪು ನಮ್ಮದು ಅಂತ ಗೊತ್ತಾದ್ರೆ ಒಂದು ದಿನವೂ ತಡ ಇಲ್ಲ.

ಮೋಸ ಸಾಮಾನ್ಯವಾಗಿ ಹೇಗೆ ನಡೆಯುತ್ತೆ

ಹೆಚ್ಚಾಗಿ ನಡೆಯೋದು ನಾಲ್ಕು ಥರ.

ಮೊದಲನೆಯದು ಅದಲು-ಬದಲು. ಗಿರಾಕಿ ಹತ್ರ ಅದೇ ಮಾಡೆಲ್‌ನ ಕೆಟ್ಟ ವಸ್ತು ಮೊದಲೇ ಇರುತ್ತೆ. ನಿಮ್ಮ ಒಳ್ಳೇದನ್ನ ಇಟ್ಕೊಂಡು, ಅವರ ಕೆಟ್ಟದ್ದನ್ನ ‘ರಿಟರ್ನ್’ ಮಾಡ್ತಾರೆ.

ಎರಡನೆಯದು ಒಳಗಿನ ಭಾಗ ಬದಲಾವಣೆ. ಹೊರಗಿನ ನಂಬರ್ ನಿಮ್ಮದೇ, ಆದ್ರೆ ಫೋನಿನ ಡಿಸ್‌ಪ್ಲೇ, ಲ್ಯಾಪ್‌ಟಾಪ್‌ನ ರ‍್ಯಾಮ್, ಎಸ್‌ಎಸ್‌ಡಿ ಬೇರೆ.

ಮೂರನೆಯದು ಖಾಲಿ ಡಬ್ಬ. ವಾಪಸ್ ಬಂದ ಪ್ಯಾಕೆಟ್ ಒಳಗೆ ಸೋಪು, ಕಲ್ಲು, ಹಳೇ ಚಾರ್ಜರ್. ಟ್ರ್ಯಾಕಿಂಗ್‌ನಲ್ಲಿ ಮಾತ್ರ ‘ಡೆಲಿವರ್ಡ್’ ಅಂತ ಇರುತ್ತೆ, ಅದನ್ನೇ ತೋರಿಸಿ ದುಡ್ಡು ಕೇಳ್ತಾರೆ.

ನಾಲ್ಕನೆಯದರಲ್ಲಿ ವಸ್ತು ವಾಪಸ್ ಬರೋದೇ ಇಲ್ಲ. ಬರೀ ಹೆದರಿಸೋದು. ‘ಅರ್ಧ ದುಡ್ಡು ಕೊಡಿ, ನಾನು ಹೆಂಗೋ ಅಡ್ಜಸ್ಟ್ ಮಾಡ್ಕೋತೀನಿ’ ಅಂತ ಕೊನೆಗೆ ಚೌಕಾಸಿಗೆ ಬಂದು ನಿಲ್ತಾರೆ.

ಹಾಗಂತ ರಿಟರ್ನ್ ಕೇಳೋರೆಲ್ಲ ಮೋಸಗಾರರಲ್ಲ. ದಾರಿಯಲ್ಲಿ ಒಡೆಯುತ್ತೆ, ನಮ್ಮ ಕಣ್ಣಿಗೆ ಬೀಳದ ದೋಷ ಅವರ ಕಣ್ಣಿಗೆ ಬೀಳುತ್ತೆ. ಆದ್ದರಿಂದ ಮನುಷ್ಯನನ್ನ ಅಳೆಯೋಕೆ ಹೋಗಬೇಡಿ, ವಸ್ತುವನ್ನ ಪರೀಕ್ಷೆ ಮಾಡಿ.

ಅರ್ಧ ಕೆಲಸ ಪ್ಯಾಕ್ ಮಾಡೋ ದಿನವೇ ಮುಗಿದಿರಬೇಕು

ನನ್ನನ್ನ ಉಳಿಸಿದ್ದು ಬುದ್ಧಿವಂತಿಕೆ ಅಲ್ಲ, ಪ್ಯಾಕ್ ಮಾಡುವಾಗ ತೆಗೆದ ಮೂರು ನಿಮಿಷದ ವಿಡಿಯೋ.

ಬೆಲೆಬಾಳುವ ಪ್ರತಿಯೊಂದು ವಸ್ತುವಿಗೂ ಒಂದು ಗುರುತು ಇರುತ್ತೆ. ಫೋನ್‌ಗೆ ಐಎಂಇಐ, 15 ಅಂಕಿ, *#06# ಒತ್ತಿದ್ರೆ ತೋರಿಸುತ್ತೆ. ಲ್ಯಾಪ್‌ಟಾಪ್‌ಗೆ ತಳಭಾಗದಲ್ಲೂ ಸಿಸ್ಟಮ್ ಸೆಟ್ಟಿಂಗ್‌ನಲ್ಲೂ ಸೀರಿಯಲ್ ನಂಬರ್ ಇರುತ್ತೆ. ಲೆನ್ಸ್‌ಗೆ ಮೈಮೇಲೆ ಕೊರೆದಿರುತ್ತೆ. ಹಾಲ್‌ಮಾರ್ಕ್ ಆದ ಹೊಸ ಚಿನ್ನದ ಒಡವೆಗೆ ಹೆಚ್‌ಯುಐಡಿ ಅಂತ ಆರು ಅಕ್ಷರ-ಅಂಕಿಗಳ ಗುರುತು ಇರುತ್ತೆ, ಅಂಗಡಿಯಲ್ಲಿ ಮಾರೋ ಹಾಲ್‌ಮಾರ್ಕ್ ಒಡವೆಗೆ ಇದು 2023ರ ಏಪ್ರಿಲ್ 1ರಿಂದ ಕಡ್ಡಾಯ, ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಬಹುದು. ಆದ್ರೂ ಒಡವೆಯನ್ನ ಗುರುತಿಲ್ಲದವರಿಗೆ ಕೊರಿಯರ್ ಮಾಡೋ ಸಾಹಸಕ್ಕೆ ಮಾತ್ರ ಹೋಗಬೇಡಿ, ಅದನ್ನ ಎದುರುಬದುರು ಕೂತೇ ಮಾರಿ.

ವಿಡಿಯೋ ಹೀಗಿರಲಿ. ಒಂದೇ ಓಟದಲ್ಲಿ, ಎಲ್ಲೂ ಕಟ್ ಇಲ್ಲದೆ: ಸೀರಿಯಲ್ ನಂಬರ್ ಹತ್ತಿರದಿಂದ, ವಸ್ತು ಕೆಲಸ ಮಾಡೋದು, ಗೀರು-ಕಲೆ ಇದ್ರೆ ಅದೂ ಸ್ಪಷ್ಟವಾಗಿ, ಆಮೇಲೆ ಡಬ್ಬಕ್ಕೆ ಹಾಕೋದು, ಟೇಪ್ ಸುತ್ತೋದು, ಮೇಲೆ ಅಡ್ರೆಸ್ ಚೀಟಿ. ಟೇಪ್ ಜೋಡಣೆ ಮೇಲೆ ಅಡ್ಡವಾಗಿ ಸಹಿ ಹಾಕಿ. ಬಿಚ್ಚಿ ಮತ್ತೆ ಅಂಟಿಸಿದ್ರೆ ಗೆರೆ ಕೂಡೋದಿಲ್ಲ.

ಕೊರಿಯರ್ ಕೌಂಟರ್‌ನಲ್ಲಿ ಎರಡು ವಿಷಯ. ಒಂದು, ರಸೀದಿ ಮೇಲೆ ನಿಜವಾದ ತೂಕ ಬರೆಸಿ. ಎಷ್ಟೋ ಕಡೆ ಡಬ್ಬದ ಉದ್ದ, ಅಗಲ, ಎತ್ತರವನ್ನ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರೋ ‘ವಾಲ್ಯೂಮೆಟ್ರಿಕ್’ ತೂಕಕ್ಕೆ ದುಡ್ಡು ಹಾಕ್ತಾರೆ. ಆ ಅಂಕಿ ನಮಗೆ ಸಾಕ್ಷಿಯಾಗಲ್ಲ. ತಕ್ಕಡಿ ಮೇಲೆ ಇಟ್ಟಾಗ ಬಂದ ತೂಕದ ಫೋಟೋ ತೆಗೆದುಕೊಳ್ಳಿ. ಎರಡು, ವಸ್ತುವಿನ ನಿಜವಾದ ಬೆಲೆ ಬರೆಸಿ, ಟ್ರಾನ್ಸಿಟ್ ಇನ್ಶೂರೆನ್ಸ್ ಇದ್ರೆ ಮಾಡಿಸಿ. ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ ಕಂಪನಿಯ ಹೊಣೆ ಇಷ್ಟೇ ಅಂತ ಒಂದು ಮಿತಿ ಬರೆದಿರುತ್ತಾರೆ. ಅದು ನಿಮ್ಮ ವಸ್ತುವಿನ ಬೆಲೆಯ ಹತ್ತಿರಕ್ಕೂ ಬರಲ್ಲ.

ಇನ್ನೊಂದು, ದುಡ್ಡು ತಗೊಳ್ಳೋ ಮುಂಚೆ ಚಾಟ್‌ನಲ್ಲಿ ನಾಲ್ಕು ಸಾಲು ಬರೆದು ‘ಒಪ್ಪಿಗೆ’ ಅಂತ ಉತ್ತರ ಪಡೆಯಿರಿ: ವಸ್ತುವಿನ ಸೀರಿಯಲ್ ನಂಬರ್ ಇದು, ಇರೋ ಕುಂದು ಇದು, ತಲುಪಿದ 48 ಗಂಟೆಯೊಳಗೆ ಪರೀಕ್ಷೆ ಮಾಡಿ ಹೇಳ್ಬೇಕು, ಡಬ್ಬ ಬಿಚ್ಚೋದರ ವಿಡಿಯೋ ತೆಗೀಬೇಕು. ಗಿರಾಕಿಗೂ ಇದರಿಂದ ರಕ್ಷಣೆ ಇದೆ, ಹಾಗಂತಲೇ ಹೇಳಿ.

ಮೆಸೇಜ್ ಬಂದ ಮೇಲೆ

ಫೋನ್ ಬಂದ್ರೆ ವಾದಕ್ಕೆ ಇಳೀಬೇಡಿ. ನಮ್ಮವರದ್ದೊಂದು ಕಷ್ಟ ಇದೆ. ಆ ಕಡೆಯಿಂದ ಜೋರು ಹಿಂದಿಯಲ್ಲಿ ಒಂದೇ ಸಮ ಮಾತಾಡಿದ್ರೆ, ನಾವು ಪದ ಹುಡುಕೋ ಅಷ್ಟರಲ್ಲಿ ‘ಹಾಂ ಜೀ, ಠೀಕ್ ಹೈ’ ಅಂದುಬಿಟ್ಟಿರ್ತೀವಿ. ಆಮೇಲೆ ‘ನೀವೇ ಒಪ್ಕೊಂಡ್ರಲ್ಲ’ ಅಂತಾರೆ. ‘ಮೀಟಿಂಗಲ್ಲಿದ್ದೀನಿ, ಮೆಸೇಜ್ ಮಾಡಿ’ ಅಂತ ಹೇಳಿ ಇಟ್ಟುಬಿಡಿ. ಬರಹದಲ್ಲಿ ನಿಮಗೆ ಯೋಚಿಸೋಕೆ ಟೈಮ್ ಸಿಗುತ್ತೆ, ದಾಖಲೆಯೂ ಉಳಿಯುತ್ತೆ.

ನಾನು ಆ ರಾತ್ರಿ ಕಳಿಸಿದ ಮೆಸೇಜಿನ ಸಾರ ಇದು: ‘ತೊಂದರೆ ಆಗಿದ್ದಕ್ಕೆ ಬೇಜಾರಾಯ್ತು. ತಪ್ಪು ನನ್ನ ಕಡೆ ಇದ್ರೆ ಪೂರ್ತಿ ದುಡ್ಡು ವಾಪಸ್ ಕೊಡ್ತೀನಿ. ದಯವಿಟ್ಟು ಒಂದು ವಿಡಿಯೋ ಕಳಿಸಿ. ಸೀರಿಯಲ್ ನಂಬರಿಂದ ಶುರು ಮಾಡಿ, ನಿಲ್ಲಿಸದೆ, ಹಿಂದಿನಿಂದ ಟಾರ್ಚ್ ಬಿಟ್ಟು ಫಂಗಸ್ ತೋರಿಸಿ. ಡಬ್ಬ ಬಿಚ್ಚಿದ ವಿಡಿಯೋ ಇದ್ರೆ ಅದನ್ನೂ ಕಳಿಸಿ.’

ನೋಡಿ, ಇದರಲ್ಲಿ ಎಲ್ಲೂ ಅವರನ್ನ ಕಳ್ಳ ಅಂದಿಲ್ಲ, ಎಲ್ಲೂ ತಪ್ಪು ಒಪ್ಕೊಂಡೂ ಇಲ್ಲ. ಪ್ರಾಮಾಣಿಕ ಗಿರಾಕಿಗೆ ಇದು ಎರಡು ನಿಮಿಷದ ಕೆಲಸ.

ಅವರು ಮೊದಲು ಮತ್ತೆರಡು ಫೋಟೋ ಕಳಿಸಿದ್ರು, ನಂಬರ್ ಕಾಣದ ಹಾಗೆ. ನಾನು ಅದೇ ಮೆಸೇಜನ್ನ ಮತ್ತೆ ಹಾಕಿದೆ. ‘ನಂಬಿಕೆ ಇಲ್ವಾ ನಿಮಗೆ’ ಅಂದ್ರು. ಮೂರನೇ ಸಲವೂ ಅದೇ ಮೆಸೇಜು. ಮಾರನೇ ದಿನ ಮಧ್ಯಾಹ್ನ ವಿಡಿಯೋ ಬಂತು. ಸೀರಿಯಲ್ ನಂಬರ್ ಒಂದು ಕ್ಷಣ ಬಂದು ಹೋಗುತ್ತೆ. ನಿಲ್ಲಿಸಿ ನೋಡಿದೆ, ಕೊನೆಯ ಮೂರು ಅಂಕಿ ಬೇರೆ. ನನ್ನ ವಿಡಿಯೋದ ಸ್ಕ್ರೀನ್‌ಶಾಟ್ ಪಕ್ಕದಲ್ಲಿ ಅವರದ್ದನ್ನಿಟ್ಟು ಕಳಿಸಿದೆ, ‘ಇದು ನಾನು ಕಳಿಸಿದ ಲೆನ್ಸ್ ಅಲ್ಲ ಸರ್’ ಅಂತ ಮಾತ್ರ ಬರೆದೆ. ಹತ್ತು ನಿಮಿಷದಲ್ಲಿ ಅವರು ಅವರ ಮೆಸೇಜುಗಳನ್ನ ಒಂದೊಂದಾಗಿ ಡಿಲೀಟ್ ಮಾಡೋಕೆ ಶುರು ಮಾಡಿದ್ರು. ನಾನು ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಆಮೇಲೆ ಪೊಲೀಸೂ ಇಲ್ಲ, ಕಂಪ್ಲೇಂಟೂ ಇಲ್ಲ.

ವಿಡಿಯೋದಲ್ಲಿ ತೀರ್ಮಾನ ಆಗದಿದ್ರೆ ಇನ್ನೆರಡು ದಾರಿ ಇದೆ. ಒಂದು, ಆ ಊರಿನ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ತೋರಿಸೋಕೆ ಹೇಳಿ. ಅವರು ಕೊಡೋ ಜಾಬ್ ಶೀಟ್‌ನಲ್ಲಿ ಸೀರಿಯಲ್ ನಂಬರ್, ದೋಷ ಎರಡೂ ಬರುತ್ತೆ. ದೋಷ ನಿಜವಾದ್ರೆ ಆ ಫೀಸು ನಾನೇ ಕೊಡ್ತೀನಿ ಅನ್ನಿ. ಇನ್ನೊಂದು, ಆ ಊರಲ್ಲಿರೋ ನಿಮ್ಮ ಗೆಳೆಯರನ್ನ ಕಳಿಸಿ. ಯಾವ ದೊಡ್ಡ ಊರಲ್ಲೂ ನಮ್ಮ ಕಾಲೇಜಿನವರೋ, ಹಳೇ ಟೀಮಿನವರೋ ಒಬ್ಬರು ಇದ್ದೇ ಇರ್ತಾರೆ. ಮಾಲ್ ಅಥವಾ ಮೆಟ್ರೋ ಸ್ಟೇಷನ್ ಹತ್ರ ಸಿಕ್ಕಿ, ನಂಬರ್ ನೋಡಿ, ವಸ್ತು ಕೈಗೆ ತಗೊಂಡ ಮೇಲೆ ನೀವಿಲ್ಲಿಂದ ದುಡ್ಡು ಹಾಕಿ. ‘ದುಡ್ಡಿಲ್ಲದೆ ನಾನ್ಯಾಕೆ ವಸ್ತು ಕಳಿಸ್ಲಿ?’ ಅನ್ನೋ ಗಿರಾಕಿಯ ಪ್ರಶ್ನೆಯಲ್ಲೂ ನ್ಯಾಯ ಇದೆಯಲ್ಲ, ಅದಕ್ಕೆ ಇದೇ ಉತ್ತರ.

ವಾಪಸ್ ಬಂದ ಪ್ಯಾಕೆಟ್ ತಗೊಳ್ಳುವಾಗ

ರಿಟರ್ನ್ ಒಪ್ಪಿದ್ದೀರಿ ಅಂದ್ಕೊಳ್ಳಿ. ಮೊದಲು ಸೊಸೈಟಿ ಸೆಕ್ಯೂರಿಟಿಗೆ ಹೇಳಿ, ನನ್ನ ಹೆಸರಿನ ಪ್ಯಾಕೆಟ್ ಗೇಟಲ್ಲಿ ತಗೋಬೇಡಿ, ಓಟಿಪಿ ಕೊಡಬೇಡಿ ಅಂತ. ಗೇಟಲ್ಲಿ ಬಿದ್ದಿದ್ದ ಡಬ್ಬ ಯಾವ ಸ್ಥಿತಿಯಲ್ಲಿ ಬಂತು ಅಂತ ಆಮೇಲೆ ಯಾರೂ ಹೇಳೋಕಾಗಲ್ಲ.

ಡೆಲಿವರಿ ಹುಡುಗ ಎದುರಿಗಿದ್ದಾಗಲೇ ತೂಕ ನೋಡಿ. ಅಡುಗೆಮನೆ ತಕ್ಕಡಿಯೋ, ಲಗೇಜ್ ತೂಗೋ ಕೊಕ್ಕೆಯೋ ಸಾಕು. 1.6 ಕಿಲೋ ಹೋಗಿದ್ದು 900 ಗ್ರಾಂ ಆಗಿ ಬಂದಿದ್ರೆ ತಗೋಬೇಡಿ. ತಗೊಳ್ಳಲೇಬೇಕಾಗಿ ಬಂದ್ರೆ ‘ತೂಕ ಕಡಿಮೆ’ ಅಂತ ಬರೆದೇ ಸಹಿ ಹಾಕಿ. ಬಿಚ್ಚುವಾಗ ಮತ್ತೆ ಕಟ್ ಇಲ್ಲದ ವಿಡಿಯೋ, ಹೊರಗಿನ ಚೀಟಿಯಿಂದ ಸೀರಿಯಲ್ ನಂಬರ್‌ವರೆಗೆ.

ಫೋನ್, ಲ್ಯಾಪ್‌ಟಾಪ್ ಆದ್ರೆ ಇನ್ನೊಂದು ಹೆಜ್ಜೆ. ಗಿರಾಕಿ ಅವರ ಆಪಲ್ ಐಡಿ ಅಥವಾ ಗೂಗಲ್ ಅಕೌಂಟ್ ತೆಗೆದು ಕಳಿಸಿದ್ದಾರಾ ನೋಡಿ. ಐಫೋನ್‌ನಲ್ಲಿ ‘ಫೈಂಡ್ ಮೈ’ ಆನ್ ಇದ್ದು ಆಕ್ಟಿವೇಷನ್ ಲಾಕ್ ಬಿದ್ದಿದ್ರೆ ನಂಬರ್ ನಿಮ್ಮದೇ ಆದ್ರೂ ಆ ಫೋನ್ ಕಲ್ಲಿಗೆ ಸಮ. ಸ್ವಲ್ಪ ಹೊಸ ಐಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್’ ಒಳಗೆ ಯಾವ ಭಾಗ ಬದಲಾಗಿದೆ ಅನ್ನೋದೂ ಕಾಣುತ್ತೆ. ಅದರ ಸ್ಕ್ರೀನ್‌ಶಾಟ್ ಮಾರೋ ಮುಂಚೆ ಒಂದು, ಬಂದ ಮೇಲೆ ಒಂದು.

ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೋಗ್ಬೇಕು

ಇದನ್ನ ಎಲ್ಲರೂ ಎರಡು ಸಲ ಓದಿ. ‘ಆ ಅಕೌಂಟ್ ಈಗ ಕೆಲಸ ಮಾಡ್ತಿಲ್ಲ, ನಮ್ಮಣ್ಣನ ನಂಬರ್‌ಗೆ ಹಾಕಿ’ ಅಂದ್ರೆ ಹಾಕಬೇಡಿ. ಯಾಕೆ ಅಂದ್ರೆ, ಮೊದಲು ಬಂದ ದುಡ್ಡು ಬೇರೆ ಯಾರದ್ದೋ ಅಕೌಂಟಿಂದ ಮೋಸದಿಂದ ತೆಗೆದಿದ್ದಾಗಿರಬಹುದು. ಆ ನಿಜವಾದ ವಾರಸುದಾರರು 1930ಕ್ಕೆ ದೂರು ಕೊಟ್ರೆ, ದುಡ್ಡು ಹೋದ ಜಾಡು ಹಿಡಿದು ನಿಮ್ಮ ಅಕೌಂಟಿಗೆ ತಡೆ ಬೀಳುತ್ತೆ. ಆಗ ನೀವು ‘ನಾನು ವಾಪಸ್ ಕೊಟ್ಟೆನಲ್ಲ’ ಅಂದ್ರೆ, ಕೊಟ್ಟಿದ್ದು ಮೂರನೆಯವನಿಗೆ. ನಿಮ್ಮ ಸಂಬಳ ಬರೋ ಅಕೌಂಟ್ ಆಗಿದ್ರೆ ಬಾಡಿಗೆ, ಇಎಂಐ ಎಲ್ಲಾ ನಿಂತುಹೋಗುತ್ತೆ. ಬಂದ ಯುಪಿಐ ಐಡಿ, ಬಂದ ಬ್ಯಾಂಕ್ ಅಕೌಂಟಿಗೆ ಮಾತ್ರ ವಾಪಸ್.

ಹಾಗೇ, ದುಡ್ಡು ಬಂತು ಅನ್ನೋದಕ್ಕೆ ಗಿರಾಕಿ ಕಳಿಸೋ ಸ್ಕ್ರೀನ್‌ಶಾಟ್ ಆಗಲಿ, ಎಸ್‌ಎಂಎಸ್ ಆಗಲಿ ಸಾಕ್ಷಿ ಅಲ್ಲ. ಬ್ಯಾಂಕ್ ಆಪ್ ತೆಗೆದು ಸ್ಟೇಟ್‌ಮೆಂಟ್ ನೋಡಿ. ‘ರಿಟರ್ನ್ ಕೊರಿಯರ್ ಚಾರ್ಜ್ ನಿಮಗೆ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂದ್ರೆ ಅಲ್ಲೇ ನಿಲ್ಲಿಸಿ. ದುಡ್ಡು ಪಡೆಯೋಕೆ ಯುಪಿಐ ಪಿನ್ ಬೇಕಾಗೋದೇ ಇಲ್ಲ. ಪಿನ್ ಹಾಕಿದ್ರೆ ದುಡ್ಡು ಹೋಗುತ್ತೆ, ಬರಲ್ಲ.

ಕಾನೂನು ಏನು ಹೇಳುತ್ತೆ

1930ರ ಸರಕು ಮಾರಾಟ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ, ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಬೇಕು (ಸೆಕ್ಷನ್ 15). ವಸ್ತುವನ್ನ ಪರೀಕ್ಷೆ ಮಾಡೋಕೆ ಗಿರಾಕಿಗೆ ಸಾಕಷ್ಟು ಅವಕಾಶ ಕೊಡಬೇಕು (ಸೆಕ್ಷನ್ 41). ಆದ್ರೆ ಬೇಡ ಅಂತ ತಿಳಿಸದೆ ಸಮಂಜಸವಾದ ಕಾಲಕ್ಕಿಂತ ಹೆಚ್ಚು ಇಟ್ಟುಕೊಂಡ್ರೆ ಒಪ್ಪಿಕೊಂಡ ಹಾಗೆ (ಸೆಕ್ಷನ್ 42). ಆ 48 ಗಂಟೆಯ ಮಾತನ್ನ ಮೊದಲೇ ಬರೆಸಿಕೊಳ್ಳಿ ಅಂದಿದ್ದು ಇದಕ್ಕೇ. ‘ಸಮಂಜಸ’ ಅಂದ್ರೆ ಎಷ್ಟು ಅನ್ನೋ ಜಗಳ ಕಡಿಮೆಯಾಗುತ್ತೆ.

2020ರ ಇ-ಕಾಮರ್ಸ್ ನಿಯಮಗಳು ಬೇರೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡೋರು ದೋಷ ಇರೋ ಅಥವಾ ಹೇಳಿದ ಹಾಗಿಲ್ಲದ ವಸ್ತುವನ್ನ ವಾಪಸ್ ತಗೊಳ್ಳೋದಿಲ್ಲ ಅನ್ನೋ ಹಾಗಿಲ್ಲ. ಸ್ವಂತಕ್ಕೆ ಬಳಸಿದ ಒಂದು ವಸ್ತುವನ್ನ ವೈಯಕ್ತಿಕವಾಗಿ ಮಾರೋರಿಗೆ ಈ ನಿಯಮ ಅನ್ವಯಿಸಲ್ಲ. ಆದ್ರೆ ಮನೆಯಲ್ಲಿ ಯಾರಾದ್ರೂ ಬೆಳ್ಳಿ ಸಾಮಾನು, ರೇಷ್ಮೆ ಸೀರೆ ನಿಯಮಿತವಾಗಿ ಆನ್‌ಲೈನಲ್ಲಿ ಮಾರ್ತಿದ್ರೆ ಅದು ವ್ಯಾಪಾರವೇ. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಕಡೆ ಮಾರೋರಿಗೆ ತಪ್ಪು ರಿಟರ್ನ್ ವಿರುದ್ಧ ಕ್ಲೇಮ್ ಹಾಕೋ ವ್ಯವಸ್ಥೆ ಇದೆ. ಅದಕ್ಕೆ ಗಡುವು ಇರುತ್ತೆ, ಡಬ್ಬ ಬಂದ ದಿನವೇ ಬಿಚ್ಚಿ ನೋಡಿ.

ಮೋಸ ಅಂತ ಖಾತ್ರಿಯಾಗಿ ದುಡ್ಡೂ ಹೋಗಿದ್ರೆ, ಕೂಡಲೇ 1930ಕ್ಕೆ ಫೋನ್ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ. ಎಷ್ಟು ಬೇಗ ಹೇಳ್ತೀರೋ ದುಡ್ಡನ್ನ ದಾರಿಯಲ್ಲೇ ತಡೆಯೋ ಅವಕಾಶ ಅಷ್ಟು ಹೆಚ್ಚು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318 ಇದೆ. ಹಳೇ 420ರ ಜಾಗಕ್ಕೆ 2024ರ ಜುಲೈ 1ರಿಂದ ಬಂದಿದ್ದು. ವಿಡಿಯೋದ ಮೂಲ ಫೈಲನ್ನ ಹಾಗೇ ಇಟ್ಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತೆ, ಯಾವಾಗ ತೆಗೆದಿದ್ದು ಅನ್ನೋ ವಿವರವೂ ಅದರಲ್ಲಿ ಉಳಿಯೋದಿಲ್ಲ.

ಕೊನೆಗೆ, ಇನ್ನೊಂದು ಕಥೆ

ನನ್ನ ಲೆನ್ಸ್ ಕಥೆ ಕೇಳಿದ ಹಳೇ ಸಹೋದ್ಯೋಗಿಯೊಬ್ಬರು, ಚೆನ್ನೈಯಲ್ಲಿದ್ದಾರೆ, ಅವರೂ ಲ್ಯಾಪ್‌ಟಾಪ್ ಮಾರುವಾಗ ಪ್ಯಾಕಿಂಗ್ ವಿಡಿಯೋ ತೆಗೆದ್ರು. ಕೊಂಡವನು ಕೊಯಮತ್ತೂರಿನ ಕಾಲೇಜು ಹುಡುಗ. ಮೂರನೇ ದಿನ, ‘ಅಣ್ಣಾ, ಸ್ಕ್ರೀನ್ ಒಡೆದಿದೆ’ ಅಂತ ಮೆಸೇಜ್ ಮಾಡಿದ. ನಮ್ಮವರು ಹಿಂದೆಮುಂದೆ ನೋಡದೆ ‘ನನ್ನ ಹತ್ರ ಪ್ರೂಫ್ ಇದೆ, ಈ ನಾಟಕ ಬೇಡ’ ಅಂತ ಬೈದು, ಅವನ ನಂಬರನ್ನ ಎರಡು ಗ್ರೂಪಲ್ಲಿ ‘ಫ್ರಾಡ್, ಎಚ್ಚರಿಕೆ’ ಅಂತ ಹಾಕಿದ್ರು.

ಆ ಪ್ರೂಫ್ ನನಗೂ ಕಳಿಸಿದ್ರು. ನೋಡಿದೆ. ಸ್ಕ್ರೀನ್ ಚೆನ್ನಾಗಿದೆ, ನಂಬರ್ ಇದೆ, ಎಲ್ಲಾ ಸರಿ. ಕೊನೆಯಲ್ಲಿ ಲ್ಯಾಪ್‌ಟಾಪ್ ಮಡಚಿ ಡಬ್ಬದಲ್ಲಿಟ್ಟು, ಅದರ ಮೇಲೆ ಚಾರ್ಜರ್ ಇಟ್ಟು, ಮಧ್ಯೆ ಏನೂ ಹಾಕದೆ, ಮುಚ್ಚಳ ಒತ್ತಿ ಹಿಡಿದು ಟೇಪ್ ಸುತ್ತಿದ್ದಾರೆ. ಹುಡುಗ ಕಳಿಸಿದ ಫೋಟೋದಲ್ಲಿ ಬಿರುಕು ಶುರುವಾಗಿದ್ದು ಸರಿಯಾಗಿ ಚಾರ್ಜರ್ ಕೂತಿದ್ದ ಜಾಗದಲ್ಲಿ.

ಅವರಿಗೆ ಹೇಳೋಕೆ ನನಗೂ ಕಷ್ಟವಾಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದು ಮಾರಾಯ’ ಅಂದ್ರು. ಅವತ್ತೇ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಸ್ಕ್ರೀನ್ ಹಾಕಿಸೋ ಖರ್ಚು ಕೊಟ್ರು. ಎರಡೂ ಗ್ರೂಪಲ್ಲಿ ‘ತಪ್ಪು ನನ್ನದೇ’ ಅಂತ ಬರೆದ್ರು. ಆದ್ರೆ ಆ ಹುಡುಗನ ನಂಬರ್ ಅಷ್ಟರೊಳಗೆ ಇನ್ನೆಷ್ಟು ಗ್ರೂಪಿಗೆ ಹೋಗಿತ್ತೋ, ಅದನ್ನ ವಾಪಸ್ ತರೋಕಾಗಲಿಲ್ಲ.

ಆದ್ದರಿಂದ ವಿಡಿಯೋ ತೆಗೀರಿ, ಆದ್ರೆ ಜಗಳ ಬಂದಾಗ ಮೊದಲು ನೀವೇ ಒಂದು ಸಲ ಅದನ್ನ ಪೂರ್ತಿ ನೋಡಿ, ಆಮೇಲೆ ಉತ್ತರ ಬರೀರಿ. ಯಾರ ಹೆಸರನ್ನೂ, ನಂಬರನ್ನೂ ಗ್ರೂಪಿಗೆ ಹಾಕಬೇಡಿ. ದೂರು ಕೊಡೋದಿದ್ರೆ ಕೊಡಬೇಕಾದ ಜಾಗದಲ್ಲಿ ಕೊಡಿ.

ಮನೆ ಖಾಲಿ ಮಾಡ್ತಿರೋ ಗೆಳೆಯರಿದ್ರೆ ಅವರಿಗೂ ಈ ಮಾತು ತಲುಪಿಸಿ.